ಒದ್ದೆ ಗೋಡೆಗೆ ಈಗಲೇ ಬಣ್ಣ ಬೇಡ

ಪ್ರಶ್ನೆ: ನಮ್ಮ ಮಲಗುವ ಕೋಣೆಗೂ ಬಚ್ಚಲಿಗೂ ನಡುವೆ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ. ಕೋಣೆಯ ಕಡೆ ಸೊಂಟದೆತ್ತರದಲ್ಲಿ ತಟ್ಟೆಯಗಲ ಒದ್ದೆ ಕಲೆ ಇದೆ. ಹೋದ ವರ್ಷ ಗೌರಿ ಹಬ್ಬಕ್ಕೆ ಬಣ್ಣ ಹೊಡೆಸಿದೆವು. ಈ ಮಳೆಗಾಲ ಮುಗಿಯುವಷ್ಟರಲ್ಲಿ ಮತ್ತೆ ಹಕ್ಕಳೆ ಎದ್ದಿದೆ. ಡಿಸೆಂಬರ್‌ನಲ್ಲಿ ಮಗಳ ಮದುವೆ. ಡ್ಯಾಂಪ್ ಪ್ರೂಫ್ ಪೇಂಟ್ ಎರಡು ಕೋಟ್ ಸಾಕು ಅಂತಾರೆ ಪೇಂಟರ್. ಹೊಡೆಸಲಾ?
– ಓದುಗರು, ತೀರ್ಥಹಳ್ಳಿ

ಉತ್ತರ: ಬೇಡಮ್ಮ, ಈಗ ಹೊಡೆಸಬೇಡಿ. ನಿಮ್ಮ ಕಾಗದ ಓದುವಾಗ ನನಗೆ ನಮ್ಮ ಸಾಗರದ ಮನೆಯೇ ಕಣ್ಣಿಗೆ ಬಂತು.

ನಮ್ಮಲ್ಲೂ ಹೀಗೇ, ಅಮ್ಮನ ಮಂಚದ ಪಕ್ಕದ ಗೋಡೆ. ಎರಡು ಸಲ ಬಣ್ಣ ಹೊಡೆಸಿದೆ. ಮೂರನೇ ವರ್ಷ ಗೆಣ್ಣಿನಿಂದ ಬಡಿದು ನೋಡಿದರೆ ಟೊಳ್ಳು ಸದ್ದು. ಬಣ್ಣ ಕೆರೆಯುವ ಪಟ್ಟಿಯಿಂದ ಕೆರೆದೆ. ಬಣ್ಣದ ಹಿಂದೆ ಹತ್ತಿಯಂಥ ಬಿಳಿ ಉಪ್ಪು, ಅದರ ಹಿಂದೆ ಪುಡಿಪುಡಿಯಾದ ಗಾರೆ. ಒಳಗೆ ಪೈಪು ತಿರುಗುವ ಎಲ್ಬೋ ಹತ್ತಿರ ನೀರು ಒಂದೊಂದೇ ಹನಿ ಜಿನುಗುತ್ತಿತ್ತು. ಅಷ್ಟು ವರ್ಷ ಅಮ್ಮ ಆ ಶೀತದ ಪಕ್ಕದಲ್ಲೇ ಮಲಗಿದ್ದರಲ್ಲ ಅಂತ ಈಗಲೂ ಸಂಕಟವಾಗುತ್ತದೆ.

ನೆಲದ ತೇವವಾದರೆ ಬುಡದಿಂದ ಏರುತ್ತದೆ. ತಾರಸಿಯ ನೀರಾದರೆ ಮೇಲಿಂದ ಇಳಿಯುತ್ತದೆ. ನಿಮ್ಮದು ಸೊಂಟದೆತ್ತರ, ಹಿಂದೆ ಬಚ್ಚಲು. ಹಾಗಾಗಿ ಪೈಪು ಇಲ್ಲವೇ ಟೈಲ್ಸ್ ಸಂದಿಯ ಮೇಲೇ ನನಗೆ ಜಾಸ್ತಿ ಅನುಮಾನ. ರಾತ್ರಿ ಮೋಟಾರ್ ಹಾಕದೆ, ನಲ್ಲಿಗಳನ್ನೆಲ್ಲ ನಿಲ್ಲಿಸಿ, ಟ್ಯಾಂಕಿನ ನೀರಿನ ಮಟ್ಟ ಗುರುತು ಮಾಡಿ. ಬೆಳಿಗ್ಗೆ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಫ್ಲಶ್ ಟ್ಯಾಂಕ್ ಸೋರಿದರೂ ಇಳಿಯುತ್ತದೆ, ಅದನ್ನೂ ನೋಡಿಬಿಡಿ. ಮಟ್ಟ ಇಳಿದಿಲ್ಲ ಅಂದರೆ ಕಲೆಯ ಸುತ್ತ ಪೆನ್ಸಿಲ್ ಗೆರೆ ಎಳೆದು, ಒಂದು ವಾರ ಆ ಬಚ್ಚಲಲ್ಲಿ ಸ್ನಾನ ಬಿಡಿ. ಕಲೆ ಗೆರೆಯಿಂದ ಒಳಕ್ಕೆ ಸರಿದರೆ ಟೈಲ್ಸ್ ಸಂದಿ ಕೆರೆದು ಹೊಸದಾಗಿ ತುಂಬಿಸಿ.

ಪೇಂಟರ್ ಹೇಳುವ ಬಣ್ಣ ಕೆಟ್ಟದ್ದೇನಲ್ಲ. ಆದರೆ ನೀರು ಹಿಂದಿನಿಂದ ಬರುತ್ತಿರುವಾಗ ಮುಂದೆ ಮುಚ್ಚಿದರೆ ಅದು ಹೋಗುವುದೆಲ್ಲಿಗೆ? ಉಪ್ಪು ಬಣ್ಣದ ಹಿಂದೆ ಕಟ್ಟಿಕೊಂಡು ಮತ್ತೆ ಉಬ್ಬಿಸುತ್ತದೆ.

ಸೋರುವುದು ನಿಂತ ಮೇಲೆ ಟೊಳ್ಳು ಗಾರೆಯನ್ನೆಲ್ಲ ಕಿತ್ತು ಹಾಕಿ. ಉಪ್ಪನ್ನು ಒಣ ಬ್ರಷ್‌ನಿಂದಲೇ ಉಜ್ಜಿ ತೆಗೆಯಿರಿ. ನೀರು ಹಾಕಿ ತೊಳೆದರೆ ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ. ಆಮೇಲೆ ಕಾಯಬೇಕು. ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ತಿಂಗಳು ಅನ್ನೋದು ಹಳೇ ಲೆಕ್ಕ. ಬಚ್ಚಲ ಕಡೆ ಟೈಲ್ಸ್ ಇರುವುದರಿಂದ ನಿಮ್ಮ ಗೋಡೆ ಒಂದೇ ಕಡೆಯಿಂದ ಒಣಗಬೇಕು. ಈಗ ಶುರು ಮಾಡಿದರೂ ಮಾರ್ಚ್ ಬಂದೇಬಿಡುತ್ತದೆ.

ಮದುವೆಗೆ ಗೋಡೆ ಬೋಳಾಗಿರಬಾರದು, ಅಲ್ವಾ? ಹಳೇ ಬಣ್ಣ ಪೂರ್ತಿ ಕೆರೆದ ಜಾಗಕ್ಕೆ ಗಾರೆ ಮಾಡಿಸಿ, ಅದು ಗಟ್ಟಿಯಾದ ಮೇಲೆ ಸುಣ್ಣ ಹೊಡೆಸಿ. ಸುಣ್ಣ ತೇವವನ್ನು ಹೊರಗೆ ಬಿಡುತ್ತದೆ. ಮಂಚ, ಬೀರು ಮಾತ್ರ ಒಂದು ಅಡಿ ದೂರ ಇರಲಿ. ಮಾರ್ಚ್‌ನಲ್ಲಿ ಒಂದಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಎರಡು ದಿನವಾದ ಮೇಲೂ ಅದರ ಹಿಂದೆ ಬೆವರು ಇಲ್ಲ ಅಂದರೆ ಪೇಂಟರ್‌ಗೆ ಫೋನ್ ಮಾಡಿ.