ಮನೆತನದ ಚರಿತ್ರೆಯನ್ನು ಕಾದಂಬರಿ ಮಾಡುವಾಗ ಎಷ್ಟು ನಿಜ ಉಳಿಸಬೇಕು, ಎಷ್ಟು ಕಟ್ಟಬಹುದು?

ಹತ್ತು ವರ್ಷ ಕೂತು ಏಳು ತಲೆಮಾರಿನ ವಂಶಾವಳಿ ಒಟ್ಟು ಮಾಡಿದ್ದೀರಿ, ಈಗ ಅದನ್ನು ಕಾದಂಬರಿ ಮಾಡಲು ಹೊರಟಿದ್ದೀರಿ. ನಾನು ಕಾಸರಗೋಡಿನ ಕುಂಬಳೆ ಸೀಮೆಯವ, ಅಡಕೆ ತೋಟದ ಮನೆ. ಇದೇ ಕೆಲಸಕ್ಕೆ ಕೈಹಾಕಿ 180 ಪುಟ ಬರೆದು ಅಟ್ಟಕ್ಕೆ ಹಾಕಿದವ. ಅದು ಯಾಕೆ ಕೆಟ್ಟಿತು ಅಂತ ಮೊದಲು ಹೇಳಿಬಿಡುತ್ತೇನೆ.

ಅದರಲ್ಲಿ ಎಲ್ಲವೂ ಇತ್ತು. 1799ರಲ್ಲಿ ಟಿಪ್ಪು ಬಿದ್ದು ಕೆನರಾ ಸೀಮೆ ಈಸ್ಟ್ ಇಂಡಿಯಾ ಕಂಪೆನಿಯ ಕೈಗೆ ಹೋದದ್ದರಿಂದ ಹಿಡಿದು 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದ್ದರವರೆಗೆ. ನಡುವೆ ನಮ್ಮ ಹಿರಿಯರು ಒಬ್ಬೊಬ್ಬರಾಗಿ ಬಂದು ಮುಖ ತೋರಿಸಿ ಹೋಗುತ್ತಿದ್ದರು, ಅಷ್ಟೆ. 1923ರ ಆಗಸ್ಟಿನ ನೇತ್ರಾವತಿಯ ನೆರೆ, ಊರವರು ಮಾರಿಬೊಳ್ಳ ಅನ್ನುವುದು, ಅದನ್ನು ಬಿಡಲು ಮನಸ್ಸು ಬರಲಿಲ್ಲ. ಒಂದು ಮದುವೆ ದಿಬ್ಬಣವನ್ನು ಪಾಣೆಮಂಗಳೂರಿನಲ್ಲಿ ನೀರಿನ ನಡುವೆ ನಿಲ್ಲಿಸಿದೆ. ಎಂಬತ್ತು ದಾಟಿದ ಅತ್ತೆಗೆ ಓದಿ ಹೇಳಿದರೆ ಅವರು ಕೇಳಿದ್ದು ಒಂದೇ: "ಆಟಿಲಿ ಆರಾದರೂ ಮದುವೆ ಮಾಡುಗೋ ಮಾಣೀ?" ಐವತ್ತೆರಡು ವರ್ಷದ ಮಾಣಿಯ ಹತ್ತಿರ ಉತ್ತರ ಇರಲಿಲ್ಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳಲ್ಲಿ ನಮ್ಮಲ್ಲಿ ಮದುವೆ ಇಲ್ಲ ಅಂತ ಗೊತ್ತಿಲ್ಲದವನೇನೂ ಅಲ್ಲ ನಾನು. ನೆರೆಯ ಆಸೆಗೆ ಮರೆತಿದ್ದೆ.

ಆಮೇಲೆ ಪಿಜ್ಜನ, ಅಂದರೆ ಅಜ್ಜನ ಅಪ್ಪನ, ಲೆಕ್ಕದ ಕಡತವನ್ನು ಇನ್ನೊಮ್ಮೆ ತೆಗೆದೆ. ವಂಶಾವಳಿಗೆ ಬೇಕಾದ ಹೆಸರು ಹೆಕ್ಕಿಕೊಂಡು ಮುಚ್ಚಿಟ್ಟದ್ದು ಅದು. ಮೊದಲ ಪುಟದಲ್ಲಿ 'ಸೌಮ್ಯ ಸಂವತ್ಸರ' ಅಂತ ಇದೆ. ಅರುವತ್ತು ವರ್ಷಕ್ಕೊಮ್ಮೆ ಸುತ್ತುವ ಹೆಸರು, 1849 ಆಗಬಹುದು, 1909 ಆಗಬಹುದು. ನಾಲ್ಕು ಪುಟ ಆಚೆಗೆ 'ಮಂಗಳೂರಿಗೆ ರೈಲು ಚಾರ್ಜು' ಕಂಡಿತು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಹಾಗಾಗಿ ಇದು 1909. ಆ ವರ್ಷ ಒಂದು ಸಾಲು ಇದೆ: 'ಅಕ್ಕಂಗೆ ಕೆಂಪು ಸೀರೆ ಒಂದು'. ಮರು ವರ್ಷವೂ ಇದೆ. ಅದರ ಮರು ವರ್ಷವೂ. ವರ್ಷಕ್ಕೊಂದು ಕೆಂಪು ಸೀರೆ ಯಾರಿಗೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಂಡ ಸತ್ತು, ತಲೆ ಬೋಳಿಸಿಕೊಂಡು ಅಣ್ಣತಮ್ಮಂದಿರ ಮನೆಯ ಒಳಗೆ ಉಳಿದವಳಿಗೆ. ನನ್ನ ವಂಶಾವಳಿಯಲ್ಲಿ ಅವಳಿಗೆ ಒಂದು ಗೆರೆಯೂ ಇರಲಿಲ್ಲ.

ಕಾಳಯುಕ್ತಿಯ ನಂತರ ಸೀರೆ ನಿಂತಿತು. ಕಾಳಯುಕ್ತಿ ಅಂದರೆ 1918, ಇನ್‌ಫ್ಲುಯೆಂಜಾದ ವರ್ಷ. ಸತ್ತಳು ಅಂತ ಅರ್ಧ ಅಧ್ಯಾಯ ಬರೆದೂ ಬಿಟ್ಟೆ. ಮತ್ತೆ ಸಂಶಯ ಬಂತು. ತೆಂಗಿನಕಾಯಿ ಒಂದು ಕೊಟ್ಟರೂ ಬರೆದಿಡುವ ಪಿಜ್ಜ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಖರ್ಚು ಬರೆಯದೆ ಇರುತ್ತಾರಾ? ಆ ವರ್ಷ, ಮುಂದಿನ ಮೂರು ವರ್ಷ ಹುಡುಕಿದೆ. ಇಲ್ಲ. ಆದರೆ ಅಜ್ಜ ಮಹಾಲಯದ ತರ್ಪಣಕ್ಕೆ ಬರೆದಿಟ್ಟುಕೊಂಡ ಚೀಟಿಯಲ್ಲಿ ಸೋದರತ್ತೆಯ ಜಾಗದಲ್ಲಿ ಒಂದು ಹೆಸರಿದೆ. ಅಂದರೆ ಅವಳು ಸತ್ತದ್ದು ಹೌದು, ಈ ಮನೆಯಲ್ಲಿ ಅಲ್ಲ.

ನನ್ನ ಕಾದಂಬರಿ ಇರುವುದು ಅಲ್ಲಿ. ನಿಮ್ಮ ಪ್ರಶ್ನೆಗೆ ನನ್ನ ಉತ್ತರವೂ ಅಲ್ಲೇ ಇದೆ. ಕಡತ ಹೇಳಿದ್ದನ್ನು ಮುರಿಯುವುದಿಲ್ಲ, ಅದು ಬಾಯಿ ಮುಚ್ಚಿದಲ್ಲಿ ಮಾತ್ರ ಕಟ್ಟುತ್ತೇನೆ. ಆದರೆ ಅದು ಬಾಯಿ ಮುಚ್ಚಿದ್ದು ಯಾಕೆ ಅಂತ ನೋಡದೆ ಕೈಗೆ ಸಿಕ್ಕಿದ ನೆರೆಯನ್ನೋ ಜ್ವರವನ್ನೋ ಅಲ್ಲಿ ತುರುಕಬೇಡಿ. ನಾನು ಎರಡು ಸಲ ತುರುಕಿದೆ, ಎರಡೂ ಸಲ ತಪ್ಪಿದೆ.

ಇನ್ನೊಂದು: ಧಣಿಯ ಮನೆಯ ಕಡತದಲ್ಲಿ ಒಕ್ಕಲಿನವರು ಗೇಣಿಯ ಲೆಕ್ಕವಾಗಿ ಮಾತ್ರ ಇರುತ್ತಾರೆ, ಇಷ್ಟು ಮುಡಿ ಅಕ್ಕಿ ಬಂತು, ಇಷ್ಟು ಬಾಕಿ, 42 ಸೇರಿಗೆ ಒಂದು ಮುಡಿ. ಆ ಗೇಣಿ 1970ರ ಜನವರಿ 1ಕ್ಕೆ ಕೇರಳದ ಭೂಸುಧಾರಣೆ ಕಾನೂನಿನಲ್ಲಿ ಮುಗಿಯಿತು. ಅದರ ನಂತರ ಅವರ ಮನೆಯ ಜಗಲಿಯಲ್ಲಿ ಕೂತು ಮಾತಾಡಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ನಾನು ಹೋದೆ. ಅಲ್ಲಿನ ಅಜ್ಜಿಗೆ ತನ್ನ ಅಜ್ಜಿ ಹೇಳಿದ್ದು ನೆನಪಿತ್ತು: ಬೆಳಗಾಗುವ ಮೊದಲು ಕೆಂಪು ಸೀರೆಯ ಅಕ್ಕ ಒಂದು ಗಂಟು ಹಿಡಿದುಕೊಂಡು ಗದ್ದೆಯ ಹುಣಿಯಲ್ಲಿ ಸ್ಟೇಷನ್ ಕಡೆಗೆ ನಡೆದಳಂತೆ. ನಮ್ಮ ಮನೆಯವರು ನೂರು ವರ್ಷ ಮರೆತದ್ದನ್ನು ತುಳುವಿನಲ್ಲಿ ಆ ಮನೆಯವರು ಇಟ್ಟುಕೊಂಡಿದ್ದರು. ನಿಮ್ಮಲ್ಲೂ ಅಂಥ ಮನೆ ಇದ್ದೀತು, ಹೋಗಿ. ಪುಸ್ತಕ ಬರೆಯುತ್ತೇನೆ ಅಂತ ಶುರುಮಾಡಬೇಡಿ, ಸುಮ್ಮನೆ ಕೂತು ವೀಳ್ಯ ತಿನ್ನಿ.

ಸಂಬಂಧಿಕರ ಸಿಟ್ಟಿನ ಬಗ್ಗೆ ಹೆಚ್ಚು ತಲೆಬಿಸಿ ಬೇಡ. ಮನೆಯ ಹೆಸರು ಬದಲಿಸಿದೆ, ಗಂಡಸರ ಹೆಸರೆಲ್ಲ ಬದಲಿಸಿದೆ, ಮನೆಯನ್ನು ಹೊಳೆಯ ಆಚೆ ದಡಕ್ಕೆ ಹಾಕಿದೆ. ಆದರೂ ದೊಡ್ಡಪ್ಪ, "ಅವಳು ಕಾಶಿಗೆ ಹೋದದ್ದು, ಹಾಗೇ ಬರೆ" ಅಂದರು. ಇರಬಹುದು. ಆದರೆ ಕಾಶಿಗೆ ಕಳಿಸಿದ್ದರೆ ಪಿಜ್ಜ ಅದನ್ನೂ ಬರೆಯುತ್ತಿದ್ದರು.

ಈಗ 96 ಪುಟ ಆಗಿದೆ. ಅವಳು ಕುಂಬಳೆ ಸ್ಟೇಷನ್ನಿನಲ್ಲಿ ನಿಂತಿದ್ದಾಳೆ. ಟಿಕೆಟಿನ ಆಣೆ ಎಲ್ಲಿಂದ ಬಂತು ಅನ್ನುವಲ್ಲಿ ಎರಡು ತಿಂಗಳಿಂದ ಸಿಕ್ಕಿಬಿದ್ದಿದ್ದೇನೆ, ಕಡತದಲ್ಲಂತೂ ಇಲ್ಲ. ತೋಟದಲ್ಲಿ ಬಿದ್ದ ಅಡಕೆ ಹೆಕ್ಕಿ ಒಕ್ಕಲಿನವಳ ಕೈಯಲ್ಲಿ ಮಾರಿಸಿರಬೇಕು ಅಂತಾರೆ ಅತ್ತೆ. ಹೇಗೆ ಗೊತ್ತು ಅಂತ ಕೇಳಿದೆ. "ಆನೂ ಮಾಡಿದ್ದೆ" ಅಂದರು.