ಓದುಗರ ಪ್ರಶ್ನೆ: ನೆಟ್‌ವರ್ಕಿಂಗ್ ಕೂಟದಲ್ಲಿ ಮಾತು ಬೆಳೆಯುವುದು ಹೇಗೆ?

ವೃತ್ತಿಪರರ ನೆಟ್‌ವರ್ಕಿಂಗ್ ಕೂಟಗಳ ಬಗ್ಗೆ ಈ ಬಾರಿ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ದೂರನ್ನು ಹೇಳುತ್ತವೆ: ಜನ ಬರುತ್ತಾರೆ, ಕಾರ್ಡ್ ಕೊಡುತ್ತಾರೆ, ಹೋಗುತ್ತಾರೆ, ಆಮೇಲೆ ಏನೂ ಆಗುವುದಿಲ್ಲ. ಕೂಟ ನಡೆಸುವವರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ಸಂಘದ ಕೂಟಕ್ಕೆ ಸುಮಾರು 60 ಜನ ಬರುತ್ತಾರೆ, ಎರಡು ಗಂಟೆ ಇರುತ್ತಾರೆ. ಗೊತ್ತಿದ್ದವರ ಜೊತೆಗೇ ಗುಂಪು ಕಟ್ಟಿಕೊಂಡು ನಿಂತುಬಿಡುತ್ತಾರೆ. ಹೊಸಬರನ್ನು ಮಾತಾಡಿಸಿ ಎಂದು ಮೈಕಿನಲ್ಲಿ ಎಷ್ಟು ಸಲ ಹೇಳಿದರೂ ಅಷ್ಟೆ.

ಮೈಕಿನಲ್ಲಿ ಹೇಳಿ ಆಗುವ ಕೆಲಸವಲ್ಲ ಇದು. ಕೊಲಂಬಿಯಾ ವಿಶ್ವವಿದ್ಯಾಲಯದ ಪಾಲ್ ಇಂಗ್ರಾಮ್ ಮತ್ತು ಮೈಕೆಲ್ ಮಾರಿಸ್ ಇಂಥದೇ ಒಂದು ಕೂಟದಲ್ಲಿ ಬಂದವರಿಗೆ ಎಲೆಕ್ಟ್ರಾನಿಕ್ ಬ್ಯಾಡ್ಜ್ ತೊಡಿಸಿ, ಯಾರು ಯಾರ ಜೊತೆ ಮಾತಾಡಿದರು ಎಂದು ಗಮನಿಸಿದರು. ಆ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಹೊಸಬರ ಪರಿಚಯಕ್ಕೆಂದೇ ಬಂದಿದ್ದೇವೆ ಎಂದವರೇ ಅಲ್ಲಿ ಬಹುಪಾಲು; ಆದರೂ ಕಾಲುಗಳು ಹಳೆಯ ಸ್ನೇಹಿತರ ಕಡೆಗೇ ನಡೆದವು. ಮನಸ್ಸಿದ್ದರೂ ಅಪರಿಚಿತರ ಹತ್ತಿರ ಹೋಗಲು ಜನಕ್ಕೆ ಒಂದು ನೆಪ ಬೇಕು. ಮಾತು ಮುಗಿಸಿ ಹೊರಡಲು ಇನ್ನೊಂದು ನೆಪ ಬೇಕು. ಒಳ್ಳೆಯ ಚಟುವಟಿಕೆ ಈ ಎರಡನ್ನೂ ಒದಗಿಸುತ್ತದೆ.

ನಿಮ್ಮ 60 ಜನಕ್ಕೆ ಮೂರು ಸುತ್ತಿನ ಜೋಡಿ ಮಾತಿನಿಂದ ಶುರು ಮಾಡಿ. ಬೇಕಾದ್ದು ಬಾರಿಸಲು ಒಂದು ಗಂಟೆ, ಟೈಮರ್, ಒಬ್ಬರಿಗೊಂದು ಅಂಗೈಯಗಲದ ರಟ್ಟಿನ ಚೀಟಿ ಮತ್ತು ಪೆನ್ನು. ಕುರ್ಚಿಗಳನ್ನು ಗೋಡೆಗೆ ಸರಿಸಿಬಿಡಿ. ನಿಯಮ ಹೇಳಲು 3 ನಿಮಿಷ ಸಾಕು. ಆಮೇಲೆ 1 ನಿಮಿಷ ಎಲ್ಲರೂ ಮೌನವಾಗಿ ಎರಡು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಲಿ: ಈಗ ನನ್ನ ಕೆಲಸದಲ್ಲಿ ಬಿಡಿಸಲಾಗದೆ ಉಳಿದಿರುವ ಒಂದು ತೊಡಕು ಯಾವುದು? ಇಲ್ಲಿರುವ ಯಾರಿಗಾದರೂ ನಾನು ಏನು ನೆರವು ಕೊಡಬಲ್ಲೆ? ಗಂಟೆ ಬಾರಿಸಿದಾಗ ಪ್ರತಿಯೊಬ್ಬರೂ ತಮಗೆ ಅತಿ ಕಡಿಮೆ ಪರಿಚಯವಿರುವವರನ್ನು ಹುಡುಕಿ ಜೋಡಿಯಾಗಬೇಕು. ಒಂದು ಸುತ್ತಿಗೆ 5 ನಿಮಿಷ. ಎರಡೂವರೆ ನಿಮಿಷಕ್ಕೆ ಒಂದು ಸಣ್ಣ ಸದ್ದು ಮಾಡಿ, ಆಗ ಮಾತಿನ ಸರದಿ ಬದಲಾಗುತ್ತದೆ. ಜೋಡಿ ಬದಲಿಸಲು 1 ನಿಮಿಷ. ಮೂರೂ ಸುತ್ತಿಗೆ ಪ್ರಶ್ನೆ ಅದೇ ಇರಲಿ. ಮೂರನೆಯ ಸಲ ಹೇಳುವಷ್ಟರಲ್ಲಿ ತೊಡಕು ಹೇಳುವವರಿಗೇ ಸ್ಪಷ್ಟವಾಗಿರುತ್ತದೆ. ಸುತ್ತಿಗೊಂದು ಹೊಸ ಪ್ರಶ್ನೆ ಕೊಟ್ಟರೆ ಈ ಲಾಭ ತಪ್ಪುತ್ತದೆ.

ಇದು ಕೆಡುವುದು ಸಾಮಾನ್ಯವಾಗಿ ಗದ್ದಲದಿಂದ. ಒಂದೇ ಹಾಲಿನಲ್ಲಿ 30 ಜನ ಒಟ್ಟಿಗೆ ಮಾತಾಡುವಾಗ ಪ್ರತಿಯೊಬ್ಬರೂ ತಮಗೆ ತಿಳಿಯದೆಯೇ ದನಿ ಏರಿಸುತ್ತಾರೆ. ಎಟಿಯೆನ್ ಲೊಂಬಾರ್ಡ್ ಎಂಬ ಫ್ರೆಂಚ್ ವೈದ್ಯ 1911ರಲ್ಲೇ ಇದನ್ನು ಗುರುತಿಸಿದ್ದ. ಒಬ್ಬರ ದನಿ ಇನ್ನೊಬ್ಬರದನ್ನು ಏರಿಸುತ್ತಾ ಹತ್ತು ನಿಮಿಷದಲ್ಲಿ ಎಲ್ಲರ ಗಂಟಲೂ ಸೋಲುತ್ತದೆ. ಹಿನ್ನೆಲೆ ಸಂಗೀತ ಪೂರ್ತಿ ನಿಲ್ಲಿಸಿ. ಜೋಡಿಯಿಂದ ಜೋಡಿಗೆ 5 ಅಡಿ ಅಂತರ ಬೇಕೆಂದರೆ 30 ಜೋಡಿಗೆ ಸುಮಾರು 750 ಚದರ ಅಡಿ ಖಾಲಿ ನೆಲ ಬೇಕು. ಅಷ್ಟಿಲ್ಲದಿದ್ದರೆ ಅರ್ಧ ಜನರನ್ನು ಪಡಸಾಲೆಗೆ ಕಳುಹಿಸಿ. ಬೆಸ ಸಂಖ್ಯೆಯಾದರೆ ಸಂಘಟಕರಲ್ಲಿ ಒಬ್ಬರು ಸೇರಿಕೊಳ್ಳಲಿ.

ಎರಡು ಗಂಟೆಯನ್ನು ಹೀಗೆ ಹಂಚಬಹುದು: ಜನ ಸೇರಲು 20 ನಿಮಿಷ (ಸ್ವಾಗತದ ಎರಡು ಮಾತೂ ಇದರಲ್ಲೇ), ಜೋಡಿ ಸುತ್ತು 22, ಮುಂದೆ ಹೇಳುವ ಮೂವರ ಸಲಹಾ ಗುಂಪು 30, ಬಿಡುವಾಗಿ ಮಾತಾಡಲು 40, ಹೊಸ ಪರಿಚಯದವರಿಗೆ ಸಂದೇಶ ಬರೆಯಲು ಕೊನೆಯ 8. ಆ 40 ನಿಮಿಷಕ್ಕೆ ಕೈ ಹಾಕಬೇಡಿ. ಹೊಸ ಪರಿಚಯ ನಿಜವಾಗಿ ಬಲಿಯುವುದು ಆಗಲೇ. ಮುಖ್ಯ ಅತಿಥಿಯ ಭಾಷಣ ಉದ್ದವಾದಾಗ ಮೊದಲು ಬಲಿಯಾಗುವುದೂ ಇದೇ ಹೊತ್ತು.

ಪ್ರಶ್ನೆ: ಎದುರುಬದುರು ಎರಡು ಸಾಲು ಕುರ್ಚಿ ಹಾಕಿ, ಒಂದು ಸಾಲನ್ನು ಸರಿಸುತ್ತಾ ಹೋಗುವ ಕ್ರಮ ಮಾಡಿದ್ದೆವು. ಅರ್ಧ ಜನ ನಮಗೆ ಭೇಟಿಯೇ ಆಗಲಿಲ್ಲ ಎಂಬ ದೂರು ಬಂತು. ಎಲ್ಲಿ ತಪ್ಪಿದೆವು?

ದೂರು ಸರಿಯಾಗಿದೆ. ಒಂದೇ ಸಾಲನ್ನು ಸರಿಸಿದರೆ ಆ ಸಾಲಿನವರು ಎದುರಿನ ಸಾಲಿನವರನ್ನು ಮಾತ್ರ ಭೇಟಿಯಾಗುತ್ತಾರೆ. ಒಂದೇ ಸಾಲಿನಲ್ಲಿ ಕೂತವರು ಒಬ್ಬರಿಗೊಬ್ಬರು ಎಂದೂ ಎದುರಾಗುವುದಿಲ್ಲ. ಕೆಲಸ ಕೊಡುವವರು ಮತ್ತು ಹುಡುಕುವವರು ಎಂದು ಎರಡು ಬಣವಿದ್ದರೆ ಆ ಕ್ರಮವೇ ಸರಿ. ಎಲ್ಲರೂ ಎಲ್ಲರನ್ನೂ ಕಾಣಬೇಕಾದರೆ ಒಬ್ಬರು ಕದಲದೆ ಕೂರಬೇಕು, ಉಳಿದವರೆಲ್ಲ ತಿರುಗಬೇಕು.

ಎಂಟು ಜನರ ಗುಂಪು ಮಾಡಿ. ನಾಲ್ಕು ಕುರ್ಚಿಗೆ ಎದುರಾಗಿ ನಾಲ್ಕು ಕುರ್ಚಿ. ಒಂದು ಮೂಲೆಯ ಕುರ್ಚಿಗೆ ಬಣ್ಣದ ಪಟ್ಟಿ ಕಟ್ಟಿ. ಅಲ್ಲಿ ಕೂತವರು ಏಳುವ ಹಾಗಿಲ್ಲ. ಗಂಟೆಯಾದಾಗಲೆಲ್ಲ ಉಳಿದ ಏಳು ಜನ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಒಂದೊಂದು ಕುರ್ಚಿ ಮುಂದೆ ಹೋಗಬೇಕು. ಸಾಲಿನ ಕೊನೆ ಮುಟ್ಟಿದವರು ಎದುರಿನ ಸಾಲಿಗೆ ದಾಟುತ್ತಾರೆ. ಪಟ್ಟಿಯ ಕುರ್ಚಿ ಬಂದಲ್ಲಿ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತಾರೆ. ಏಳು ಸುತ್ತಿನಲ್ಲಿ 28 ಜೋಡಿಗಳೂ ಮುಗಿಯುತ್ತವೆ, ಒಂದೂ ಮರುಕಳಿಸುವುದಿಲ್ಲ. ಏಳೇ ಜನರಿದ್ದರೆ ಪಟ್ಟಿಯ ಕುರ್ಚಿಯನ್ನು ಖಾಲಿ ಬಿಡಿ. ಅದರ ಎದುರಿಗೆ ಬಂದವರಿಗೆ ಆ ಸುತ್ತು ಬಿಡುವು, ಅಷ್ಟು ಹೊತ್ತು ಟಿಪ್ಪಣಿ ಬರೆದುಕೊಳ್ಳಲಿ. ಸುತ್ತಿಗೆ 4 ನಿಮಿಷ, ನಡುವೆ ಬರೆದುಕೊಂಡು ಜಾಗ ಬದಲಿಸಲು 1 ನಿಮಿಷ ಎಂದರೆ ಒಟ್ಟು 35 ನಿಮಿಷ. ಇಡೀ 60 ಜನಕ್ಕೆ ಹೀಗೆ ಮಾಡಹೊರಟರೆ 59 ಸುತ್ತು ಬೇಕು, ಅದರ ಆಸೆ ಬಿಡಿ. ಬರೆದುಕೊಳ್ಳುವ ನಿಮಿಷವನ್ನು ಮಾತ್ರ ಕತ್ತರಿಸಬೇಡಿ. ಅದಿಲ್ಲದಿದ್ದರೆ ಐದನೆಯ ಮುಖದ ಹೊತ್ತಿಗೆ ಎರಡನೆಯದು ಮರೆತಿರುತ್ತದೆ.

ಪ್ರಶ್ನೆ: ಹಿರಿಯ ಅಧಿಕಾರಿಗಳು, ಅನುಭವಿ ಎಂಜಿನಿಯರುಗಳು ಬರುವ ಕೂಟ ನಮ್ಮದು. ಆಟ ಎಂದ ಕೂಡಲೇ ಮುಖ ಸಿಂಡರಿಸುತ್ತಾರೆ, ಫೋನ್ ತೆಗೆದು ಹೊರಗೆ ನಡೆಯುತ್ತಾರೆ.

ಅವರ ಮೇಲೆ ಬೇಸರ ಪಡಬೇಡಿ. ನೀವು ಯಾವ ಪ್ರಾಣಿಯಾಗಲು ಬಯಸುತ್ತೀರಿ ಎಂದು ಕೇಳಿದರೆ ಯಾರಾದರೂ ಹೊರಗೆ ನಡೆಯಬೇಕಾದ್ದೇ. ಬಂದ ಉದ್ದೇಶಕ್ಕೂ ಆಟಕ್ಕೂ ನಂಟಿರಬೇಕು. ಹೆಸರು ನೋಂದಾಯಿಸುವಾಗಲೇ ಒಂದು ಪ್ರಶ್ನೆ ಕೇಳಿ: ಈ ವರ್ಷ ನೀವು ಮೊದಲ ಸಲ ಮಾಡಿದ ಒಂದು ಕೆಲಸ ಯಾವುದು? ಬಂದ ಉತ್ತರಗಳಿಂದ ನಾಲ್ಕು ಅಡ್ಡ, ನಾಲ್ಕು ಉದ್ದದ 16 ಮನೆಯ ಬಿಂಗೋ ಹಾಳೆ ತಯಾರಾಗುತ್ತದೆ. "ಬೇರೆ ಕ್ಷೇತ್ರದಿಂದ ಈ ಕ್ಷೇತ್ರಕ್ಕೆ ಬಂದವರು", "ಒಂದು ಯೋಜನೆಯನ್ನು ಅರ್ಧದಲ್ಲೇ ನಿಲ್ಲಿಸುವ ನಿರ್ಧಾರ ಮಾಡಿದವರು", "ಮೊದಲ ಬಾರಿಗೆ ತಂಡ ಕಟ್ಟುತ್ತಿರುವವರು", ಹೀಗೆ. ಒಂದೊಂದು ಮನೆಗೂ ಕೂಟದಲ್ಲಿ ಕನಿಷ್ಠ ಮೂವರು ಹೊಂದುವಂತಿರಲಿ. ಒಬ್ಬರೇ ಹೊಂದಿದರೆ ಅವರ ಮುಂದೆ ಸರದಿ ಸಾಲು ನಿಲ್ಲುತ್ತದೆ.

ಹಾಳೆ ಹಿಡಿದು ಓಡಾಡಿ, ಒಂದೊಂದು ಮನೆಗೂ ಹೊಂದುವವರನ್ನು ಹುಡುಕಿ ಮಾತಾಡಿಸಿ, ಆ ಮನೆಯಲ್ಲಿ ಅವರ ಸಹಿ ಪಡೆಯುವುದೇ ಆಟ. ನಿಯಮ ಎರಡೇ. ಒಬ್ಬರ ಸಹಿ ಒಂದೇ ಮನೆಗೆ. ಸಹಿಯ ಜೊತೆ ಅವರಿಂದ ತಿಳಿದ ಒಂದು ವಿವರವನ್ನೂ ಬರೆಯಬೇಕು. ಬಹುಮಾನ ಇಡಬೇಡಿ. ಬಹುಮಾನವಿದ್ದರೆ ಜನ ಮಾತು ಬಿಟ್ಟು ಸಹಿಯ ಹಿಂದೆ ಓಡುತ್ತಾರೆ. ಎಲ್ಲ 16 ತುಂಬಬೇಕೆಂದೂ ಹೇಳಬೇಡಿ, 20 ನಿಮಿಷದಲ್ಲಿ ಒಂದು ಸಾಲಿನ ನಾಲ್ಕು ಮನೆ ತುಂಬಿದರೆ ಧಾರಾಳವಾಯಿತು.

ಪ್ರಶ್ನೆ: ಪರಿಚಯವೇನೋ ಆಗುತ್ತದೆ, ಆಳವಾದ ಮಾತು ಆಗುವುದಿಲ್ಲ. ಅದಕ್ಕೊಂದು ಚಟುವಟಿಕೆ ಹೇಳಿ.

ಒಂದನ್ನೇ ಆರಿಸಿ ಎಂದರೆ ನಾವು ಮೂವರ ಸಲಹಾ ಗುಂಪನ್ನೇ ಆರಿಸುತ್ತೇವೆ. ಮೂರು ಕುರ್ಚಿ, ನಡುವೆ ಮೇಜು ಬೇಡ. ಒಬ್ಬರು ತಮ್ಮ ತೊಡಕನ್ನು 2 ನಿಮಿಷದಲ್ಲಿ ಹೇಳುತ್ತಾರೆ. ಉಳಿದಿಬ್ಬರು 2 ನಿಮಿಷ ಸ್ಪಷ್ಟನೆಗಾಗಿ ಪ್ರಶ್ನೆ ಮಾತ್ರ ಕೇಳುತ್ತಾರೆ, ಸಲಹೆ ಇನ್ನೂ ಇಲ್ಲ. ಆಮೇಲೆ ತೊಡಕು ಹೇಳಿದವರು ಕುರ್ಚಿ ತಿರುಗಿಸಿ ಬೆನ್ನು ಮಾಡಿ ಕೂರುತ್ತಾರೆ; ಇಬ್ಬರೂ 4 ನಿಮಿಷ ಆ ವಿಷಯವನ್ನು ತಮ್ಮತಮ್ಮಲ್ಲೇ ಚರ್ಚಿಸುತ್ತಾರೆ. ಕೊನೆಯ 2 ನಿಮಿಷದಲ್ಲಿ ಅವರು ಮತ್ತೆ ಈ ಕಡೆ ತಿರುಗಿ, ಕೇಳಿದ್ದರಲ್ಲಿ ಯಾವುದು ಉಪಯೋಗಕ್ಕೆ ಬರುತ್ತದೆ ಎಂದು ಹೇಳುತ್ತಾರೆ. ಒಬ್ಬರಿಗೆ 10 ನಿಮಿಷ, ಮೂವರಿಗೆ 30.

ಬೆನ್ನು ತಿರುಗಿಸುವುದು ವಿಚಿತ್ರ ಎನಿಸಿ ಅದನ್ನು ಬಿಟ್ಟುಬಿಡುವವರಿದ್ದಾರೆ. ಬಿಡಬೇಡಿ, ಇದರ ಸತ್ವವೇ ಅಲ್ಲಿದೆ. ಮುಖ ಕಾಣುತ್ತಿದ್ದರೆ ಸಲಹೆ ಕೊಡುವವರು ಎದುರಿನವರ ಮುಖಭಾವ ನೋಡಿಕೊಂಡು ಮಾತನ್ನು ಮೆದು ಮಾಡುತ್ತಾರೆ. ಕೇಳುವವರೂ "ಅದನ್ನು ಆಗಲೇ ಮಾಡಿ ನೋಡಿದೆವು" ಎಂದು ಪ್ರತಿಯೊಂದಕ್ಕೂ ಸಮಜಾಯಿಷಿ ಕೊಡತೊಡಗುತ್ತಾರೆ. ಬೆನ್ನು ಮಾಡಿದಾಗ ಎರಡೂ ನಿಲ್ಲುತ್ತವೆ, ಕಿವಿ ಮಾತ್ರ ಕೆಲಸ ಮಾಡುತ್ತದೆ. ಪೈಪೋಟಿಯಲ್ಲಿರುವ ಎರಡು ಸಂಸ್ಥೆಗಳವರು, ಮೇಲಧಿಕಾರಿ ಮತ್ತು ಅವರ ಕೈಕೆಳಗಿನವರು ಒಂದೇ ಗುಂಪಿಗೆ ಬಾರದಂತೆ ಮೊದಲೇ ಪಟ್ಟಿ ಮಾಡಿಕೊಳ್ಳಿ. ಇಲ್ಲಿ ಕೇಳಿದ್ದು ಇಲ್ಲೇ ಇರಲಿ ಎಂಬುದನ್ನು ಶುರುವಿನಲ್ಲೇ ಹೇಳಿ, ಎಲ್ಲರಿಂದ ಒಪ್ಪಿಗೆ ಪಡೆಯಿರಿ.

ಪ್ರಶ್ನೆ: "ಬೇಕಾಗಿದೆ", "ಕೊಡಬಲ್ಲೆ" ಎಂಬ ಚೀಟಿಗಳನ್ನು ಅಂಟಿಸಲು ಫಲಕ ಇಟ್ಟಿದ್ದೆವು. ಕೊಡುವವರ ಚೀಟಿ ತುಂಬ ಬಂದವು, ಕೇಳುವವರದು ಬೆರಳೆಣಿಕೆ.

ಕೇಳುವುದೇ ಎಲ್ಲರಿಗೂ ಕಷ್ಟ. ಸಂಶೋಧಕರಾದ ಫ್ರಾನ್ಸಿಸ್ ಫ್ಲಿನ್ ಮತ್ತು ವನೆಸ್ಸಾ ಲೇಕ್ 2008ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ನೆರವು ಕೇಳುವವರು ತಮಗೆ "ಆಗಲಿ" ಎನ್ನುವವರ ಸಂಖ್ಯೆಯನ್ನು ನಿಜಕ್ಕಿಂತ ಬಹಳ ಕಡಿಮೆ ಅಂದಾಜು ಮಾಡಿದ್ದರು. ಆದ್ದರಿಂದ ಕೇಳಿಕೆಯನ್ನು ಇಚ್ಛೆಗೆ ಬಿಡದೆ ಪ್ರವೇಶದ ನಿಯಮವನ್ನಾಗಿಸಿ: ನೋಂದಣಿ ಮೇಜಿನಲ್ಲೇ "ಬೇಕಾಗಿದೆ" ಎಂಬುದಕ್ಕೆ ಹಳದಿ ಚೀಟಿ ಒಂದು, "ಕೊಡಬಲ್ಲೆ" ಎಂಬುದಕ್ಕೆ ಹಸಿರು ಚೀಟಿ ಒಂದು. ಮೊದಲು ಹಳದಿ ತುಂಬಿದರಷ್ಟೇ ಹಸಿರು. ಸಂಘಟಕರೇ ಮುಂಚೆ ನಾಲ್ಕೈದು ನಿಜವಾದ ಹಳದಿ ಚೀಟಿ ಅಂಟಿಸಿರಲಿ. ಖಾಲಿ ಫಲಕದ ಮೇಲೆ ಮೊದಲಿಗರಾಗಲು ಯಾರಿಗೂ ಧೈರ್ಯ ಬರುವುದಿಲ್ಲ.

ಕೇಳಿಕೆ ಚಿಕ್ಕದಾಗಿರಬೇಕು, ಖಚಿತವಾಗಿರಬೇಕು. "ಹೂಡಿಕೆದಾರರು ಬೇಕು" ಎಂಬ ಚೀಟಿಯ ಮುಂದೆ ನಿಂತವರಿಗೆ ಏನು ಮಾಡಬೇಕೋ ತಿಳಿಯದು. "ನಮ್ಮ ಹೂಡಿಕೆ ಪ್ರಸ್ತಾವದ ಹತ್ತು ಪುಟ ಓದಿ ಅರ್ಧ ಗಂಟೆ ಮಾತಾಡುವವರು ಬೇಕು" ಎಂದರೆ ಒಬ್ಬರಾದರೂ ಮುಂದೆ ಬಂದಾರು. ಬಾಲ್‌ಪೆನ್ ಬೇಡ, ದಪ್ಪ ಮಾರ್ಕರಿನಲ್ಲಿ ಮೂರೇ ಸಾಲು, ಕೆಳಗೆ ಹೆಸರು. 60 ಜನರಿಗೆ 120 ಚೀಟಿಯಾಗುತ್ತವೆ. ಒಂದೇ ಫಲಕದ ಮುಂದೆ ನೂಕುನುಗ್ಗಲಾಗುವುದರಿಂದ ಹಾಲಿನ ಎರಡು ತುದಿಗೆ ಎರಡು ಫಲಕ ಇಡಿ. ನೆರವಾಗಬಲ್ಲವರು ಆ ಚೀಟಿಯ ಮೇಲೆಯೇ ತಮ್ಮ ಹೆಸರು ಬರೆದು ಹೋಗಲಿ, ಕೊನೆಗೆ ಕೇಳಿದವರು ಚೀಟಿ ಕಿತ್ತು ಮನೆಗೆ ಒಯ್ಯಲಿ.

ಪ್ರಶ್ನೆ: ಒಂದೇ ಕ್ಷೇತ್ರದವರನ್ನು ಕರೆಯುವುದು ಒಳ್ಳೆಯದೋ, ಬೇರೆಬೇರೆಯವರನ್ನೋ?

ಬೆರೆಸಿ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ತೋರಿಸಿಕೊಟ್ಟ ಮಾತಿದು: ಆಪ್ತರಿಗೆ ಗೊತ್ತಿರುವುದು ಬಹುತೇಕ ನಮಗೂ ಗೊತ್ತಿರುತ್ತದೆ, ಹೊಸ ಸುದ್ದಿ ಬರುವುದು ದೂರದ ಪರಿಚಯದವರಿಂದ. ಆದರೆ ಹಂಚಿಕೊಳ್ಳಲು ಒಂದು ಸಮಾನ ಪ್ರಶ್ನೆಯಾದರೂ ಇರಲಿ. ಏನೂ ನಂಟಿಲ್ಲದವರನ್ನು ಒಟ್ಟಿಗೆ ಕೂರಿಸಿದರೆ ಮಾತು ಹವಾಮಾನ ದಾಟುವುದಿಲ್ಲ.

ಪ್ರಶ್ನೆ: ನಾನು ಸಂಕೋಚದ ಸ್ವಭಾವದವಳು. ಇಂಥ ಚಟುವಟಿಕೆ ಎಂದರೆ ಎದೆ ಹೊಡೆದುಕೊಳ್ಳುತ್ತದೆ. ಒಬ್ಬರು ಮಾತಿಗೆ ಸಿಕ್ಕರೆ ಬಿಡಿಸಿಕೊಂಡು ಬರುವುದೂ ಗೊತ್ತಾಗುವುದಿಲ್ಲ.

ನಿಮ್ಮಂಥವರಿಗೆ ಬಿಡುವಾದ ಗುಂಪಿಗಿಂತ ನಿಯಮವಿರುವ ಜೋಡಿ ಮಾತೇ ಹಗುರ: ಯಾರ ಹತ್ತಿರ ಹೋಗಬೇಕು, ಏನು ಕೇಳಬೇಕು, ಯಾವಾಗ ಏಳಬೇಕು ಎಲ್ಲವೂ ನಿಗದಿಯಾಗಿರುತ್ತದೆ. ಗಂಟೆ ಇಲ್ಲದ ಕಡೆ, "ನಿಮ್ಮ ಮಾತಿನಲ್ಲಿ ಈ ಅಂಶ ನನಗೆ ಉಪಯೋಗವಾಯಿತು, ಇನ್ನಿಬ್ಬರನ್ನು ನೋಡಬೇಕಿದೆ, ಬರಲೇ?" ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಎದುರಿನವರೂ ಹೊರಡಲು ಕಾಯುತ್ತಿರುವ ಸಾಧ್ಯತೆ ಬಹಳ. ಸಾಧ್ಯವಾದರೆ ಅವರನ್ನು ಒಂಟಿಯಾಗಿ ಬಿಡದೆ ಇನ್ನೊಬ್ಬರಿಗೆ ಪರಿಚಯಿಸಿ ಹೊರಡಿ.

ಸಂಘಟಕರಿಗೂ ಒಂದು ಮಾತು: ಭಾಗವಹಿಸಲು ಇಷ್ಟವಿಲ್ಲದವರು ಕೂರಲು ಒಂದು ಶಾಂತ ಮೂಲೆ ಇರಲಿ, ಯಾರೂ ಅವರನ್ನು ಎಳೆದು ತರಬಾರದು. ಗಾಲಿಕುರ್ಚಿಯಲ್ಲಿ ಬಂದವರು, ಕಿವಿ ಮಂದವಿರುವವರು ಇದ್ದರೆ ಅವರ ಜಾಗ ಸ್ಥಿರವಾಗಿರಲಿ, ಉಳಿದವರೇ ತಿರುಗಲಿ. ಹಿಂದೆ ಹೇಳಿದ ಪಟ್ಟಿಯ ಕುರ್ಚಿ ಇದಕ್ಕೆ ಚೆನ್ನಾಗಿ ಒದಗುತ್ತದೆ.

ಪ್ರಶ್ನೆ: ಆನ್‌ಲೈನ್ ಕೂಟದಲ್ಲಿ ಇವು ನಡೆಯುತ್ತವೆಯೇ?

ನಡೆಯುತ್ತವೆ, ಗುಂಪಿನ ಗಾತ್ರ ಬದಲಿಸಿ. ಬ್ರೇಕ್‌ಔಟ್ ಕೋಣೆಗೆ (ಆನ್‌ಲೈನ್ ಸಭೆಯೊಳಗೆ ಸಣ್ಣ ಗುಂಪು ಪ್ರತ್ಯೇಕವಾಗಿ ಮಾತಾಡುವ ಜಾಗ) ಇಬ್ಬರ ಬದಲು ಮೂವರನ್ನು ಹಾಕಿ. ಒಬ್ಬರ ಸಂಪರ್ಕ ಕಡಿದರೂ ಉಳಿದವರು ಒಂಟಿಯಾಗುವುದಿಲ್ಲ. 8 ನಿಮಿಷ ಕೊಡಿ, ಮೊದಲ ನಿಮಿಷ ಮೈಕ್ ಸರಿಮಾಡಿಕೊಳ್ಳುವುದರಲ್ಲೇ ಹೋಗುತ್ತದೆ. ಪರದೆಯ ಮೇಲೆ ತೋರಿಸಿದ ಪ್ರಶ್ನೆ ಕೋಣೆಯೊಳಗೆ ಹೋದಾಗ ಕಾಣದಾಗಬಹುದಾದ್ದರಿಂದ ಎಲ್ಲರೂ ಅದನ್ನು ಮೊದಲೇ ಕಾಗದದಲ್ಲಿ ಬರೆದುಕೊಳ್ಳಲಿ.

ಪ್ರಶ್ನೆ: ಕೂಟ ಮುಗಿದ ಮೇಲೆ ಸಂಪರ್ಕ ಉಳಿಯುವಂತೆ ಮಾಡುವುದು ಹೇಗೆ? ಯಶಸ್ವಿಯಾಯಿತೆಂದು ತಿಳಿಯುವುದು ಹೇಗೆ?

ಮನೆಗೆ ಹೋಗಿ ಬರೆಯುತ್ತೇನೆ ಎಂದವರಲ್ಲಿ ಹೆಚ್ಚಿನವರು ಬರೆಯುವುದಿಲ್ಲ. ಕೊನೆಯ 8 ನಿಮಿಷ ಹಾಲಿನಲ್ಲೇ ಎಲ್ಲರೂ ಫೋನ್ ತೆಗೆದು, ಆ ದಿನ ಭೇಟಿಯಾದ ಇಬ್ಬರಿಗೆ ಸಂದೇಶ ಕಳುಹಿಸಲಿ. ಅದರಲ್ಲಿ ಮೂರು ಅಂಶ: ಏನು ಮಾತಾಡಿದೆವು, ನಾನು ಏನು ಕಳುಹಿಸುತ್ತೇನೆ, ಯಾವ ದಿನ. "ಭೇಟಿಯಾಗಿ ಸಂತೋಷವಾಯಿತು" ಎಂದಷ್ಟೇ ಬರೆದರೆ ಉತ್ತರಿಸಲು ಏನೂ ಇರುವುದಿಲ್ಲ. ಎಲ್ಲರ ಫೋನ್ ಸಂಖ್ಯೆಯ ಪಟ್ಟಿಯನ್ನು ಒಪ್ಪಿಗೆ ಇಲ್ಲದೆ ಹಂಚಬೇಡಿ. ನೋಂದಣಿ ಹಾಳೆಯಲ್ಲೇ ಒಪ್ಪಿಗೆಯ ಗುರುತು ಹಾಕಲು ಒಂದು ಚೌಕ ಇಡಿ.

ಅಳೆಯುವ ವಿಷಯಕ್ಕೆ ಬಂದರೆ, ಬಾಗಿಲಲ್ಲಿ ಹಂಚುವ ಅಭಿಪ್ರಾಯ ಪತ್ರ ಊಟ, ಕುರ್ಚಿಗಳ ಬಗ್ಗೆ ಹೇಳೀತು, ಅಷ್ಟೆ. 30 ದಿನ ಬಿಟ್ಟು ಒಂದೇ ಪ್ರಶ್ನೆ ಕಳುಹಿಸಿ: ಅಲ್ಲಿ ಮೊದಲ ಬಾರಿಗೆ ಭೇಟಿಯಾದ ಯಾರೊಂದಿಗಾದರೂ ಮತ್ತೆ ಮಾತಾಡಿದಿರಾ, ಯಾವ ವಿಷಯಕ್ಕೆ? ಬಂದ ಉತ್ತರಗಳಲ್ಲಿ ಯಾವ ಚಟುವಟಿಕೆಯ ಹೆಸರು ಮತ್ತೆಮತ್ತೆ ಬರುತ್ತದೋ ಅದಕ್ಕೆ ಮುಂದಿನ ಕೂಟದಲ್ಲಿ ಹೆಚ್ಚು ಹೊತ್ತು ಕೊಡಿ.