ಹೊರಟು ಬಂದವರು ಅಳಬಾರದೇ?

ಹೆಸರು ಹಾಕಬೇಡಿ ಎಂದು ಕೇಳಿಕೊಂಡ ಓದುಗರೊಬ್ಬರ ಪತ್ರಕ್ಕೆ ಈ ಉತ್ತರ. ನಿವೃತ್ತಿಯ ನಂತರ ಗಂಡ ಹೆಂಡತಿ ಪರದೇಶದಲ್ಲಿ ನೆಲೆಸಿದ್ದಾರೆ. ಮಗಳು, ಅಳಿಯ, 7 ವರ್ಷದ ಮೊಮ್ಮಗಳು, 2 ವರ್ಷ ದಾಟಿದ ಮೊಮ್ಮಗ ಬಂದು ಮೂರು ವಾರ ಇದ್ದು ಹೋಗಿದ್ದಾರೆ. “ಅವತ್ತಿನಿಂದ ಮನೆ ಬಿಕೋ ಎನ್ನುತ್ತಿದೆ. ಆದರೆ ಬಿಟ್ಟು ಬಂದವರು ನಾವೇ ಅಲ್ವಾ? ಅಳೋದಕ್ಕೆ ನಮಗೇನು ಹಕ್ಕಿದೆ? ಚಿಕ್ಕವನಿಗೆ ನಮ್ಮ ನೆನಪು ಇರುತ್ತದಾ?” ಎಂದು ಕೇಳಿದ್ದಾರೆ.

ಅಮ್ಮಾ, ನಮಸ್ಕಾರ.

ನಿಮ್ಮ ಪತ್ರ ನಾಲ್ಕು ಪುಟ. ಅವರಿದ್ದ ಮೂರು ವಾರಕ್ಕೆ ಒಂದು ಪುಟ, ಹೋದ ಮೇಲಿನ ಐದು ದಿನಕ್ಕೆ ಮೂರು ಪುಟ. ಲೆಕ್ಕ ಸರಿಯಾಗೇ ಇದೆ ಬಿಡಿ. ಅವರಿದ್ದಾಗ ಕೂತು ಬರೆಯುವಷ್ಟು ಪುರುಸೊತ್ತು ಎಲ್ಲಿತ್ತು?

ಮೊದಲು ಹಕ್ಕಿನ ವಿಷಯ. ನನಗೆ ಬರುವ ಇಂಥ ಪತ್ರಗಳು ಹೆಚ್ಚಾಗಿ ಉಲ್ಟಾ ಇರುತ್ತವೆ. ಮಕ್ಕಳು ದೂರ ಹೋಗಿರುತ್ತಾರೆ, ಹೆತ್ತವರು ಹಳೆ ಮನೆಯಲ್ಲೇ ಉಳಿದಿರುತ್ತಾರೆ. ಅವರಿಗೆ ಬೇಜಾರಾದರೆ ಸಮಾಧಾನ ಹೇಳುವವರು ಹತ್ತು ಜನ. ನೀವು ಬಾಯಿಬಿಟ್ಟರೆ ಮಾತ್ರ “ನೀವೇ ಇಷ್ಟಪಟ್ಟು ಹೋದದ್ದಲ್ವಾ” ಎನ್ನುತ್ತಾರೆ. ಹೌದು, ಇಷ್ಟಪಟ್ಟೇ ಹೋದಿರಿ. ಚಪ್ಪಲಿಯನ್ನೂ ನಾವೇ ನೋಡಿ, ಆರಿಸಿ ಕೊಂಡಿರುತ್ತೇವೆ. ಹಾಗಂತ ಅದು ಕಚ್ಚಿದರೆ ನೋವಾಗುವುದಿಲ್ಲವೇ? ಅಲ್ಲಿ ಹಾಯಾಗಿದ್ದೇವೆ ಎಂದು ಬರೆದಿದ್ದೀರಿ. ಮೊಮ್ಮಕ್ಕಳು ಹೋದರೆ ಕರುಳು ಚುರುಕ್ ಎನ್ನುತ್ತದೆ ಎಂದೂ ಬರೆದಿದ್ದೀರಿ. ನಾನು ಎರಡನ್ನೂ ನಂಬುತ್ತೇನೆ. ಒಂದನ್ನು ಸುಳ್ಳು ಮಾಡಿ ಇನ್ನೊಂದನ್ನು ಉಳಿಸಿಕೊಳ್ಳಬೇಕಿಲ್ಲ.

ಪಾಲೀನ್ ಬಾಸ್ ಎಂಬ ಅಮೆರಿಕದ ಕುಟುಂಬ ಚಿಕಿತ್ಸಕಿ 1970ರ ದಶಕದಲ್ಲಿ, ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಯವರ ಜೊತೆ ಕೆಲಸ ಮಾಡುತ್ತಾ ಒಂದು ಮಾತು ಹುಟ್ಟುಹಾಕಿದರು. ಕನ್ನಡದಲ್ಲಿ ‘ಅಸ್ಪಷ್ಟ ನಷ್ಟ’ ಎನ್ನಬಹುದು. ಕಳೆದುಕೊಂಡಿದ್ದೇವೋ ಇಲ್ಲವೋ ಎಂದು ಖಚಿತವಾಗಿ ಹೇಳಲಾಗದ ನಷ್ಟ. ಆ ಮನೆಗಳ ಸಂಕಟಕ್ಕೂ ನಿಮ್ಮದಕ್ಕೂ ಹೋಲಿಕೆ ಇಲ್ಲ, ನಿಜ. ಆದರೆ ದೇಶ ಬಿಟ್ಟು ದೇಶಕ್ಕೆ ಹೋದವರಿಗೂ ಅವರು ಈ ಮಾತು ಅನ್ವಯಿಸಿದ್ದಾರೆ. ಎಲ್ಲರೂ ಸುಖವಾಗಿದ್ದಾರೆ, ಫೋನಿನಲ್ಲಿ ಸಿಗುತ್ತಾರೆ, ಆದರೂ ಮನೆಯಲ್ಲಿಲ್ಲ. ಯಾರೂ ಸತ್ತಿಲ್ಲ, ಹಾಗಾಗಿ ಅಳಲು ನೆಪವೂ ಇಲ್ಲ. ನೆಪ ಹುಡುಕಬೇಡಿ, ಸುಮ್ನೆ ಅತ್ತುಬಿಡಿ.

ಇನ್ನು ವಿಮಾನ ನಿಲ್ದಾಣ. ನನಗೂ ಅಲ್ಲಿನ ಬೀಳ್ಕೊಡುಗೆ ಕಂಡರೆ ಆಗುವುದಿಲ್ಲ. ನಾವು ಗಾಜಿನ ಈಚೆ ನಿಂತು ಕೈ ಬೀಸುತ್ತಲೇ ಇರುತ್ತೇವೆ. ಆ ಕಡೆ ಅವರು ಪಾಸ್‌ಪೋರ್ಟ್ ಯಾವ ಚೀಲದಲ್ಲಿದೆ ಎಂದು ತಡಕಾಡುತ್ತಿರುತ್ತಾರೆ. ಮಗಳು ಒಂದು ಸಲವೂ ತಿರುಗಿ ನೋಡಲಿಲ್ಲ ಎಂದು ನೊಂದುಕೊಂಡಿದ್ದೀರಿ. ಎರಡು ಮಕ್ಕಳು, ನಾಲ್ಕು ಪೆಟ್ಟಿಗೆ, ಹಿಂದೆ ಉದ್ದದ ಸಾಲು. ತಿರುಗಿ ನೋಡಿದ್ದರೆ ಅವಳ ಕಾಲು ಅಲ್ಲಿಂದ ಏಳುತ್ತಿತ್ತೋ ಇಲ್ಲವೋ. ಯಾವತ್ತಾದರೂ ಅವಳನ್ನೇ ಕೇಳಿ ನೋಡಿ.

ಮೂರನೇ ದಿನ ವಿಡಿಯೋ ಕರೆ ಮಾಡಿದಾಗ ಚಿಕ್ಕವನು ಮುಖ ತಿರುಗಿಸಿಕೊಂಡ, ಕಿರುಚಾಡಿದ, ಆಗಲೇ ಮರೆತನಾ ಎಂದಿದ್ದೀರಿ. ಅದು ಮರೆವಲ್ಲ ಅಮ್ಮಾ, ನಿದ್ದೆ. ಎರಡು ಮನೆಗೂ ಆರು ಗಂಟೆ ವ್ಯತ್ಯಾಸ ಎಂದು ನೀವೇ ಬರೆದಿದ್ದೀರಿ. ನಮ್ಮ ಮೈಯೊಳಗಿನ ಗಡಿಯಾರ ಹೆಚ್ಚುಕಡಿಮೆ ದಿನಕ್ಕೊಂದು ಗಂಟೆಯಂತೆ ಹೊಂದಿಕೊಳ್ಳುತ್ತದೆ. ಪೂರ್ವಕ್ಕೆ ಹಾರಿದವರಿಗಂತೂ ಇನ್ನೂ ಕಷ್ಟ. ಅಂದರೆ ಸುಮಾರು ಒಂದು ವಾರ ಆ ಮನೆಯಲ್ಲಿ ಯಾರ ಮುಖವೂ ನೆಟ್ಟಗಿರುವುದಿಲ್ಲ. ಅಲ್ಲಿಯವರೆಗೆ ಕರೆ ಚಿಕ್ಕದಿರಲಿ. ಅವನನ್ನು ಹಿಡಿದು ಕೂರಿಸಿ “ಅಜ್ಜಿಗೆ ಟಾಟಾ ಮಾಡು” ಎಂದು ಒತ್ತಾಯ ಮಾಡಿಸಬೇಡಿ.

ನೆನಪಿನ ಪ್ರಶ್ನೆಗೆ ಸುಳ್ಳು ಹೇಳಿ ನಿಮ್ಮನ್ನು ಸಮಾಧಾನ ಮಾಡಲಾರೆ. ದೊಡ್ಡವರನ್ನು ಕೇಳಿದರೆ ಅವರ ಮೊಟ್ಟಮೊದಲ ನೆನಪು ಸಾಮಾನ್ಯವಾಗಿ ಮೂರು, ಮೂರೂವರೆ ವರ್ಷದ್ದು. ಅದಕ್ಕಿಂತ ಹಿಂದಿನದು ಅಳಿಸಿ ಹೋಗಿರುತ್ತದೆ. ನೀವು ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಮಳೆ ತೋರಿಸಿದ್ದು ಅವನ ತಲೆಯಲ್ಲಿ ಉಳಿಯುವುದು ಕಷ್ಟ. ಆದರೆ ನೀವು ಅವನಿಗೆ ನೆನಪಾಗಿ ಉಳಿಯಬೇಕಿಲ್ಲ, ಪರಿಚಯದವರಾಗಿ ಉಳಿದರೆ ಸಾಕು. ಅದು ನಿಮ್ಮ ಕೈಯಲ್ಲಿದೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 24ರಿಂದ 30 ತಿಂಗಳ ಮಕ್ಕಳಿಗೆ ಹೊಸ ಪದ ಕಲಿಸಿ ನೋಡಿದರು. ಮೊದಲೇ ಚಿತ್ರೀಕರಿಸಿಟ್ಟ ವಿಡಿಯೋದಿಂದ ಅವರು ಕಲಿಯಲಿಲ್ಲ. ಎದುರಿಗಿದ್ದವರಿಂದ ಕಲಿತರು. ತೆರೆಯ ಮೇಲಿದ್ದರೂ ತಮ್ಮ ಮಾತಿಗೆ ಆಗಿಂದಾಗಲೇ ಉತ್ತರ ಕೊಡುತ್ತಿದ್ದವರಿಂದಲೂ ಕಲಿತರು. ಅವನು ಕಾರು ತೋರಿಸಿದರೆ ನೀವು ಆ ಕಾರಿನ ಬಗ್ಗೆಯೇ ಮಾತಾಡಬೇಕು, ಅಷ್ಟೇ ಗುಟ್ಟು. 18 ತಿಂಗಳೊಳಗಿನ ಮಕ್ಕಳಿಗೆ ತೆರೆಯೇ ಬೇಡ ಎಂದ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಕೂಡ 2016ರಲ್ಲಿ ವಿಡಿಯೋ ಕರೆಗೆ ಮಾತ್ರ ವಿನಾಯಿತಿ ಕೊಟ್ಟಿತು.

ಕರೆ ಮಾಡಿದಾಗ ಏನು ಮಾತಾಡುವುದು ಎಂದರೆ, ಚಿಲ್ಲರೆ ವಿಷಯ. “ಮತ್ತೆ ಯಾವಾಗ ಬರ್ತೀರಿ?” ಎಂದು ಶುರು ಮಾಡಬೇಡಿ. ರಜೆ, ಟಿಕೆಟ್ ಎರಡೂ ಮಗಳ ಕೈಯಲ್ಲಿಲ್ಲ, ಆ ಪ್ರಶ್ನೆಗೆ ಅವಳ ಬಾಯಿ ಕಟ್ಟಿಹೋಗುತ್ತದೆ. ಮೊಮ್ಮಗಳ ಹಲ್ಲು ಬಿತ್ತಾ ಕೇಳಿ. ನಲ್ಲಿ ಸೋರುತ್ತಿದೆ ಎಂದು ಹೇಳಿ. ಒಂದೇ ಮನೆಯಲ್ಲಿರುವವರು ದಿನವಿಡೀ ಆಡುವುದೂ ಇಂಥ ಮಾತೇ ಅಲ್ವಾ?

ದೊಡ್ಡವಳಿಗೆ ಓದಲು ಬರುತ್ತದೆ. ಅವಳಿಗೆ ಅಂಚೆಯಲ್ಲಿ ಬರೆಯಿರಿ. ಪುಟಗಟ್ಟಲೆ ಬೇಡ, ಕಾರ್ಡು ಸಾಕು. ಜಗತ್ತಿನ ಮೊದಲ ಅಂಚೆ ಕಾರ್ಡನ್ನು ಆಸ್ಟ್ರಿಯಾ-ಹಂಗರಿ ಹೊರತಂದದ್ದು 1869ರ ಅಕ್ಟೋಬರ್ 1ರಂದು. ತಮಾಷೆಯೆಂದರೆ, ವಿಶ್ವಸಂಸ್ಥೆ ಹಿರಿಯರ ದಿನ ಎಂದು ಗೊತ್ತು ಮಾಡಿರುವುದೂ ಅಕ್ಟೋಬರ್ 1ನ್ನೇ. ಕಾಕತಾಳೀಯ ಇರಬಹುದು, ನನಗಂತೂ ಖುಷಿಯಾಯಿತು. ಫೋನು ಇಟ್ಟ ಕೂಡಲೇ ನೀವು ಮಾಯ. ಕಾರ್ಡು ಅವಳ ದಿಂಬಿನ ಕೆಳಗೆ ಇರುತ್ತದೆ.

ಸೋಫಾ ಕೆಳಗೆ ಸಿಕ್ಕ ಆ ಒಂಟಿ ಕಾಲುಚೀಲವನ್ನು ಏನು ಮಾಡಲಿ ಎಂದು ಕೇಳಿದ್ದೀರಿ. ಬೀರುವಿನಲ್ಲಿ ಮಡಚಿಟ್ಟು ದಿನಾ ತೆಗೆದು ನೋಡುವ ಯೋಚನೆ ಬಿಡಿ. ಮೊಮ್ಮಗಳ ಹೆಸರಿಗೆ ಕಳಿಸಿ. “ನಿನ್ನ ತಮ್ಮನ ಕಾಲುಚೀಲ ನಮ್ಮನೆಯಲ್ಲಿ ಐದು ದಿನ ಅಡಗಿ ಕೂತಿತ್ತು. ಇದರ ಜೋಡಿ ಅಲ್ಲಿದೆಯಾ ನೋಡಿ ಹೇಳು” ಎಂದು ಬರೆಯಿರಿ. ಅದು ತಲುಪುವಷ್ಟರಲ್ಲಿ ಅವನ ಕಾಲಿಗೆ ಚಿಕ್ಕದಾಗಿರಬಹುದು, ಆಗಲಿ. ಅವಳಿಗೆ ಉತ್ತರ ಬರೆಯಲು ಒಂದು ಕಾರಣವಂತೂ ಸಿಗುತ್ತದೆ.

ಮರೆತಿದ್ದೆ, ನಿಮ್ಮ ಯಜಮಾನರ ಮೇಲಿನ ದೂರು. ಅವರು ಒಂದು ಹನಿ ಕಣ್ಣೀರು ಹಾಕಲಿಲ್ಲ, ಮನೆಗೆ ಬಂದವರೇ ಹಾಸಿಗೆ ಮಡಚಿ, ಹೊದಿಕೆ ಒಗೆದು, ಕಿಟಕಿ ಒರೆಸಲು ನಿಂತರು ಎಂದು ಸಿಟ್ಟಾಗಿದ್ದೀರಿ. ಅದೇ ಪುಟದ ಕೊನೆಯಲ್ಲಿ ಇನ್ನೊಂದು ಸಾಲಿದೆ: “ಅದನ್ನೂ ನೆಟ್ಟಗೆ ಮಾಡಲಿಲ್ಲ, ಬಾಲ್ಕನಿ ಬಾಗಿಲಿನ ಕೆಳಗಿನ ಗಾಜು ಹಾಗೇ ಇದೆ, ಪೂರ್ತಿ ಕೈ ಗುರುತು.” ಆ ಗಾಜು ನೆಲದಿಂದ ಎಷ್ಟು ಎತ್ತರ? ಒಂದು ಸಲ ಅಳೆದು ನೋಡಿ. ಒರೆಸಲು ಮಾತ್ರ ಹೋಗಬೇಡಿ.

— ಸಂಪಾದಕ